ಫ್ರೀಬಿಎಸ್‌ಡಿ ಸರ್ವರಿಗೆ ಯುಎಸ್‌ಬಿ ಡಿಸ್ಕಿನಲ್ಲಿ ಬ್ಯಾಕಪ್: ಸಿಕ್ಕಿಸುವುದು, ತುಂಬಿಸುವುದು, ಕಳಚುವುದು

ಪ್ರಶ್ನೆ: ನಮ್ಮ ಸಣ್ಣ ಕಚೇರಿಯಲ್ಲಿ ಫ್ರೀಬಿಎಸ್‌ಡಿ 14 (ಯುನಿಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಮ್) ಇರುವ ಒಂದು ಸರ್ವರ್ ಇದೆ. ಎರಡು ಡಿಸ್ಕಿನ ಝಡ್‌ಎಫ್‌ಎಸ್ (ಫೈಲ್‌ಸಿಸ್ಟಮ್) ಮಿರರ್, ಅಂದರೆ ಎರಡರಲ್ಲೂ ಒಂದೇ ಡೇಟಾ; ಅವನ್ನು ಸೇರಿಸಿ ಮಾಡಿದ ಸಂಗ್ರಹದ, ಅಂದರೆ ಪೂಲಿನ, ಹೆಸರು ಝಡ್‌ರೂಟ್, ತುಂಬಿರುವುದು ಸುಮಾರು 1.8 ಟಿಬಿ. ಕಡತಗಳ ಜೊತೆಗೆ ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್ ಕೂಡ ಅದರಲ್ಲೇ ಓಡುತ್ತದೆ. ಬ್ಯಾಕಪ್‌ಗೆಂದು 4 ಟಿಬಿಯ ಯುಎಸ್‌ಬಿ ಡಿಸ್ಕ್ ತಂದೆವು. ಅದರಲ್ಲಿ ಬಂದಿದ್ದ ಎಕ್ಸ್‌ಫ್ಯಾಟ್ ಫೈಲ್‌ಸಿಸ್ಟಮ್ ಮೇಲೆಯೇ ಆರ್‌ಸಿಂಕ್ (ಫೈಲುಗಳನ್ನು ಕಾಪಿ ಮಾಡುವ ಕಮಾಂಡ್) ಮಾಡಿದರೆ ಫೈಲುಗಳ ಓನರ್, ಪರ್ಮಿಶನ್ ಎಲ್ಲ ಹೋಗುತ್ತಿದೆ. ನಡುನಡುವೆ ಡಿಸ್ಕ್ ತಾನಾಗಿಯೇ ಮಾಯವಾಗುತ್ತದೆ. ಸರಿಯಾದ ಕ್ರಮ ಯಾವುದು? ಡಿಸ್ಕನ್ನು ಸದಾ ಸಿಕ್ಕಿಸಿಯೇ ಇಟ್ಟಿರಬಹುದೆ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸಿದರೆ ಉಳಿದದ್ದು ಸುಲಭ: ಇಡಬೇಡಿ. ಸದಾ ಸಿಕ್ಕಿಸಿದ ಡಿಸ್ಕು ಸಿಡಿಲು, ವೋಲ್ಟೇಜ್ ಏರಿಳಿತ, ರೂಟ್ ಆಗಿ ಕುಳಿತವನ ತಪ್ಪು ಕಮಾಂಡ್, ರ‍್ಯಾನ್ಸಮ್‌ವೇರ್ ಎಲ್ಲಕ್ಕೂ ಸರ್ವರಿನ ಜೊತೆಯಲ್ಲೇ ಸಿಗುತ್ತದೆ. ಬ್ಯಾಕಪ್ ಡಿಸ್ಕಿನ ಸಹಜ ಸ್ಥಿತಿ ಎಂದರೆ ಬೀರುವಿನಲ್ಲೋ ಇನ್ನೊಂದು ಕಟ್ಟಡದಲ್ಲೋ ಇರುವುದು; ಸರ್ವರಿಗೆ ಅಂಟಿಕೊಂಡಿರುವ ಕೆಲವು ಗಂಟೆಗಳೇ ಅಪವಾದ. ಕೆಳಗೆ ಹೇಳುವ ಪ್ರತಿಯೊಂದು ಸೆಟ್ಟಿಂಗೂ ಈ ಒಂದು ಮಾತಿನಿಂದಲೇ ಹುಟ್ಟಿದ್ದು. ಬಜೆಟ್ ಇದ್ದರೆ ಇಂಥದೇ ಎರಡನೆಯ ಡಿಸ್ಕನ್ನೂ ತನ್ನಿ, ವಾರಕ್ಕೊಮ್ಮೆ ಅದಲುಬದಲು ಮಾಡಿ. ಕೆಲವರು ಯುಎಸ್‌ಬಿ ಡಿಸ್ಕನ್ನೇ ಮಿರರಿನ ಮೂರನೆಯ ಕಾಲಾಗಿ ಸೇರಿಸಿ ಅದನ್ನೇ ಬ್ಯಾಕಪ್ ಎನ್ನುತ್ತಾರೆ. ಅಳಿಸಿದ ಫೈಲು ಮೂರೂ ಕಡೆ ಒಂದೇ ಕ್ಷಣಕ್ಕೆ ಅಳಿಯುವ ವ್ಯವಸ್ಥೆಗೆ ಆ ಹೆಸರು ಸಲ್ಲದು.

ಕಮಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಕ್ಯಾಪಿಟಲ್ ಅಕ್ಷರ ಬೇಕಾದಲ್ಲಿ ಹಾಗೆಂದೇ ಹೇಳಿದೆ, ಉಳಿದದ್ದೆಲ್ಲ ಸಣ್ಣಕ್ಷರ. ಆಯ್ಕೆಗಳ ಮಟ್ಟಿಗೆ ಈ ವ್ಯತ್ಯಾಸ ಮುಖ್ಯ.

ಮೊದಲು ಡಿಸ್ಕ್ ಮಾಯವಾಗುವ ಕಾಯಿಲೆ

ಇದನ್ನು ಸರಿಪಡಿಸದೆ ಫೈಲ್‌ಸಿಸ್ಟಮ್ ಬದಲಿಸಿದರೆ ಏನೂ ಉಪಯೋಗವಿಲ್ಲ. ಡಿಸ್ಕ್ ಸಿಕ್ಕಿಸಿ ಡಿಮೆಸ್ಗ್ (ಕರ್ನಲ್ಲಿನ ಸಂದೇಶಗಳನ್ನು ತೋರಿಸುವ ಕಮಾಂಡ್) ನೋಡಿ. ಯುಮಾಸ್0 ಎಂಬ ಸಾಲು, ಅದರ ಹಿಂದೆಯೇ ಡಿಎ0 (ಡಿಸ್ಕಿಗೆ ಸಿಸ್ಟಮ್ ಇಟ್ಟ ಹೆಸರು) ಎಂಬ ಸಾಲುಗಳು ಬರುತ್ತವೆ. ಅಲ್ಲಿ ಟ್ರಾನ್ಸ್‌ಫರ್ ವೇಗ 400.000 ಎಂಬಿ ಎಂದಿದ್ದರೆ ಯುಎಸ್‌ಬಿ 3ರಲ್ಲಿದ್ದೀರಿ, 40.000 ಎಂಬಿ ಎಂದಿದ್ದರೆ ಯುಎಸ್‌ಬಿ 2. ಎರಡೂ ಅಂಕಿಗಳು ಬಸ್ಸಿನ ಘೋಷಿತ ವೇಗವೇ ಹೊರತು ಡಿಸ್ಕಿನದಲ್ಲ, ಆದರೆ ಯಾವ ಪೋರ್ಟು ಎಂಬುದನ್ನು ಹೇಳಿಬಿಡುತ್ತವೆ. ನಿಮ್ಮ 1.8 ಟಿಬಿಯ ಮೊದಲ ಬ್ಯಾಕಪ್ ಯುಎಸ್‌ಬಿ 2ರಲ್ಲಿ ಸೆಕೆಂಡಿಗೆ 35 ಎಂಬಿಯಂತೆ 14 ಗಂಟೆ ಹಿಡಿಯುತ್ತದೆ. ಯುಎಸ್‌ಬಿ 3ರಲ್ಲಿ 120 ಎಂಬಿ ಸಿಕ್ಕರೆ ನಾಲ್ಕು ಗಂಟೆ ಚಿಲ್ಲರೆ.

ಯುಎಸ್‌ಬಿಕಾನ್ಫಿಗ್ ಎಂದಷ್ಟೇ ಹೊಡೆದರೆ ಪ್ರತಿ ಸಾಧನದ ವೇಗದ ಜೊತೆಗೆ ಅದು ಕೇಳಿರುವ ಮಿಲಿಆಂಪಿಯರ್ ಕೂಡ ಕಾಣುತ್ತದೆ. ಯುಎಸ್‌ಬಿ 2 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3 ಪೋರ್ಟ್ 900. ಅಡಾಪ್ಟರ್ ಇಲ್ಲದ 2.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವ ಕ್ಷಣದಲ್ಲಿ ಒಂದು ಆಂಪಿಯರ್ ಹತ್ತಿರ ಎಳೆಯುತ್ತದೆ. ಮುಂಭಾಗದ ಪೋರ್ಟು, ಉದ್ದದ ಕೇಬಲ್, ಪವರ್ ಇಲ್ಲದ ಹಬ್, ಈ ಮೂರರಲ್ಲಿ ಒಂದಿದ್ದರೂ ವೋಲ್ಟೇಜ್ ಕುಸಿದು ಡಿಸ್ಕಿನೊಳಗಿನ ಬ್ರಿಡ್ಜ್ ಚಿಪ್ (ಯುಎಸ್‌ಬಿಯನ್ನೂ ಡಿಸ್ಕನ್ನೂ ಜೋಡಿಸುವ ಚಿಪ್) ರೀಸೆಟ್ ಆಗುತ್ತದೆ. ಲಾಗಿನಲ್ಲಿ ಮೊದಲು ರಿಟ್ರೈಯಿಂಗ್ ಕಮಾಂಡ್ ಎಂಬ ಸಾಲುಗಳು, ಆಮೇಲೆ ಯುಮಾಸ್0 ಡಿಸ್‌ಕನೆಕ್ಟೆಡ್ ಎಂಬುದು ಬಂದಿದ್ದರೆ ಇದೇ ಮೊದಲ ಶಂಕೆ. ಸರ್ವರಿನ ಹಿಂಬದಿಯ, ಮದರ್‌ಬೋರ್ಡಿಗೇ ಬೆಸೆದ ಪೋರ್ಟಿಗೆ ಒಂದು ಮೀಟರಿಗಿಂತ ಗಿಡ್ಡ ಕೇಬಲ್ ಹಾಕಿ ನೋಡಿ. ಹೊಸದಾಗಿ ಕೊಳ್ಳುವುದಾದರೆ 12 ವೋಲ್ಟ್ ಅಡಾಪ್ಟರ್ ಇರುವ 3.5 ಇಂಚಿನದೇ ಸರಿ, ಆ ಅಡಾಪ್ಟರೂ ಯುಪಿಎಸ್ ಮೇಲಿರಲಿ. ಸರ್ವರ್ ಮಾತ್ರ ಯುಪಿಎಸ್‌ನಲ್ಲಿದ್ದು ಡಿಸ್ಕು ಗೋಡೆಯ ಪ್ಲಗ್ಗಿನಲ್ಲಿದ್ದರೆ, ಕರೆಂಟು ಹೋದ ಕೂಡಲೇ ಓಡುತ್ತಿರುವ ಬ್ಯಾಕಪ್ ನಡುವೆಯೇ ಡಿಸ್ಕ್ ಕಿತ್ತಂತಾಗುತ್ತದೆ.

2.5 ಇಂಚಿನ ಡಿಸ್ಕುಗಳ ಬಗ್ಗೆ ಇನ್ನೆರಡು ಮಾತು. 2 ಟಿಬಿ ಮೀರಿದವು ಬಹುತೇಕ ಎಸ್‌ಎಂಆರ್ ಬಗೆಯವು. ಹಳಿಗಳು ಒಂದರ ಮೇಲೊಂದು ಹೆಂಚಿನಂತೆ ಹೊದ್ದಿರುವುದರಿಂದ ಸಣ್ಣ ಬದಲಾವಣೆಗೂ ಪಕ್ಕದ ಹಳಿಗಳನ್ನು ಮತ್ತೆ ಬರೆಯಬೇಕು. ಗಂಟೆಗಟ್ಟಲೆ ಬರೆದಾಗ ವೇಗ ದಿಢೀರನೆ ಸೆಕೆಂಡಿಗೆ 20 ಎಂಬಿಗೆ ಇಳಿದರೆ ಗಾಬರಿಯಾಗಬೇಡಿ, ಅದು ಕೆಟ್ಟಿಲ್ಲ. ಎರಡನೆಯದು, ಕೆಲವು ಬ್ರಾಂಡುಗಳಲ್ಲಿ ಡಿಸ್ಕಿನ ಬೋರ್ಡಿನ ಮೇಲೇ ಯುಎಸ್‌ಬಿ ಕನೆಕ್ಟರ್ ಇರುತ್ತದೆ, ಒಳಗೆ ಸಾಟಾ (ಡಿಸ್ಕನ್ನು ನೇರ ಮದರ್‌ಬೋರ್ಡಿಗೆ ಸೇರಿಸುವ ಕನೆಕ್ಟರ್) ಇರುವುದೇ ಇಲ್ಲ. ಇನ್ನು ಕೆಲವು ಡಬ್ಬಿಗಳಲ್ಲಿ ಬ್ರಿಡ್ಜ್ ಚಿಪ್ಪೇ ಎನ್‌ಕ್ರಿಪ್ಟ್ ಮಾಡುತ್ತದೆ, ಅಥವಾ 512 ಬೈಟಿನ ಸೆಕ್ಟರನ್ನು 4096 ಎಂದು ತೋರಿಸುತ್ತದೆ. ಇಂಥದರ ಡಬ್ಬಿ ಕೆಟ್ಟರೆ ಡಿಸ್ಕನ್ನು ಹೊರತೆಗೆದು ನೇರ ಸಾಟಾಗೆ ಸಿಕ್ಕಿಸಿ ಓದುತ್ತೇನೆ ಎಂಬ ಲೆಕ್ಕಾಚಾರ ಕೈಕೊಡುತ್ತದೆ: ಪಾರ್ಟಿಶನ್ ಟೇಬಲ್ಲೇ ಕಾಣಿಸದು.

ಸ್ಮಾರ್ಟ್‌ಮಾನ್‌ಟೂಲ್ಸ್ ಪ್ಯಾಕೇಜ್ ಹಾಕಿ, ಸ್ಮಾರ್ಟ್‌ಸಿಟಿಎಲ್ ಕಮಾಂಡಿಗೆ -ಡಿ ಸ್ಯಾಟ್ ಆಯ್ಕೆ ಕೊಟ್ಟು ಡಿಸ್ಕಿನ ಸ್ಥಿತಿ ಓದಿ. ಕೆಟ್ಟ ಸೆಕ್ಟರುಗಳನ್ನು ಎಣಿಸುವ 5, 197, 198 ಸಂಖ್ಯೆಯ ಅಟ್ರಿಬ್ಯೂಟುಗಳು ಸೊನ್ನೆಯಲ್ಲಿರಬೇಕು. ಹೊಸ ಡಿಸ್ಕಿನಲ್ಲೇ ಇವು ಏರಿದ್ದರೆ ವಾರಂಟಿ ಇರುವಾಗಲೇ ಹಿಂದಿರುಗಿಸಿ.

ಡಿಸ್ಕ್ ಸಿದ್ಧಪಡಿಸುವುದು

ಇಲ್ಲಿ ಆತುರ ಬೇಡ. ಎಸ್‌ಎಎಸ್ ಕಂಟ್ರೋಲರ್ ಇರುವ ಸರ್ವರುಗಳಲ್ಲಿ ಒಳಗಿನ ಡಿಸ್ಕುಗಳೂ ಡಿಎ0, ಡಿಎ1 ಎಂದೇ ಇರುತ್ತವೆ. ಯುಎಸ್‌ಬಿಯದು ಇವತ್ತು ಡಿಎ2, ನಾಳೆ ರೀಬೂಟ್ ಆದಮೇಲೆ ಡಿಎ0 ಆಗಬಹುದು. ಕ್ಯಾಮ್‌ಕಂಟ್ರೋಲ್ ಡೆವ್‌ಲಿಸ್ಟ್ ನೋಡಿ, ಆಮೇಲೆ ಡಿಸ್ಕ್‌ಇನ್ಫೋ -ವಿ ಕೊಟ್ಟು ಅಲ್ಲಿನ ಸೀರಿಯಲ್ ನಂಬರನ್ನು ಡಬ್ಬಿಯ ಮೇಲಿನ ಚೀಟಿಯ ಜೊತೆ ಹೋಲಿಸಿ. ಡಬ್ಬಿಯ ಹೊರಗಿನ ನಂಬರೂ ಒಳಗಿನದೂ ಹೊಂದದಿದ್ದರೆ ಗಾತ್ರದಿಂದಲಾದರೂ ಖಚಿತಪಡಿಸಿಕೊಳ್ಳಿ. 4 ಟಿಬಿ ಎಂದು ಮಾರಿದ್ದು ಜಿಪಾರ್ಟ್ ಶೋ ಕಮಾಂಡಿನಲ್ಲಿ 3.6 ಟಿ ಎಂದು ಕಾಣುತ್ತದೆ. ಮುಂದೆ ಡಿಎ0 ಎಂದೇ ಇಟ್ಟುಕೊಳ್ಳೋಣ.

ಜಿಪಾರ್ಟ್ ಡೆಸ್ಟ್ರಾಯ್ -ಎಫ್ ಡಿಎ0 (ಎಫ್ ಕ್ಯಾಪಿಟಲ್)
ಜಿಪಾರ್ಟ್ ಕ್ರಿಯೇಟ್ -ಎಸ್ ಜಿಪಿಟಿ ಡಿಎ0
ಜಿಪಾರ್ಟ್ ಆ್ಯಡ್ -ಟಿ ಫ್ರೀಬಿಎಸ್‌ಡಿ-ಝಡ್‌ಎಫ್‌ಎಸ್ -ಎ 1ಎಂ -ಎಲ್ ನಕಲು1 ಡಿಎ0

ಮೊದಲ ಸಾಲು ಆಪರೇಶನ್ ನಾಟ್ ಪರ್ಮಿಟೆಡ್ ಎಂದರೆ, ಜಾಲದಲ್ಲಿ ಎಲ್ಲೆಡೆ ಸಿಗುವ ಪರಿಹಾರ ಕರ್ನ್.ಜಿಯೋಮ್.ಡೀಬಗ್‌ಫ್ಲ್ಯಾಗ್ಸ್ ಅನ್ನು 16 ಮಾಡಿ ಎಂಬುದು. ಖಂಡಿತ ಮಾಡಬೇಡಿ. ಬಳಕೆಯಲ್ಲಿರುವ ಡಿಸ್ಕಿನ ಮೇಲೆ ಬರೆಯದಂತೆ ಕರ್ನಲ್ ಹಾಕಿರುವ ಬೀಗವನ್ನೇ ಅದು ತೆಗೆಯುತ್ತದೆ. ನೀವು ತಪ್ಪು ಡಿಸ್ಕನ್ನು ಆರಿಸಿದ್ದೀರಿ ಎಂಬುದಕ್ಕೆ ಆ ಎರರ್ ಒಳ್ಳೆಯ ಸೂಚನೆ.

ಮೂರನೆಯ ಸಾಲಿನ ಕೊನೆಯ ಲೇಬಲ್ ಇಡೀ ವ್ಯವಸ್ಥೆಯ ಆಧಾರ. ಇನ್ನು ಡಿಸ್ಕ್ ಯಾವ ಪೋರ್ಟಿಗೆ ಬಂದರೂ ಡೆವ್ ಫೋಲ್ಡರಿನ ಕೆಳಗೆ ಜಿಪಿಟಿ/ನಕಲು1 ಎಂದೇ ಕಾಣುತ್ತದೆ. ಎಲ್ಲ ಸ್ಕ್ರಿಪ್ಟುಗಳಲ್ಲೂ ಈ ಹೆಸರನ್ನೇ ಬಳಸಿ. ಎರಡನೆಯ ಡಿಸ್ಕಿಗೆ ನಕಲು2. ಡಬ್ಬಿಯ ಮೇಲೂ ಮಾರ್ಕರಿನಲ್ಲಿ ಬರೆಯಿರಿ.

ಕಚೇರಿಯಿಂದ ಹೊರಗೆ ಓಡಾಡುವ ಡಿಸ್ಕು ಎನ್‌ಕ್ರಿಪ್ಟ್ ಆಗಿರಲೇಬೇಕು. ಅದಕ್ಕೆ ಜೆಲಿ ಇದೆ. 2005ರ ಫ್ರೀಬಿಎಸ್‌ಡಿ 6.0ರಿಂದಲೂ ಇರುವ ಇದನ್ನು ಬರೆದ ಪಾವೆಲ್ ಯಾಕುಬ್ ದವಿದೆಕ್ ಅವರೇ ಮುಂದೆ ಝಡ್‌ಎಫ್‌ಎಸ್ ಅನ್ನೂ ಫ್ರೀಬಿಎಸ್‌ಡಿಗೆ ತಂದವರು; ಎರಡೂ ಒಂದರ ಮೇಲೊಂದು ತಕರಾರಿಲ್ಲದೆ ಕೂರುತ್ತವೆ.

ಜೆಲಿ ಇನಿಟ್ -ಎಸ್ 4096 -ಎಲ್ 256 ಜಿಪಿಟಿ/ನಕಲು1

ಇದು ಪಾಸ್‌ಫ್ರೇಸ್ ಕೇಳುತ್ತದೆ. ಉದ್ದದ್ದು ಕೊಟ್ಟು, ಕಾಗದದಲ್ಲಿ ಬರೆದು ಸರ್ವರ್ ಇಲ್ಲದ ಕಡೆ ಇಡಿ. ಆದರೆ ರಾತ್ರಿ ತಾನಾಗಿ ಓಡುವ ಸ್ಕ್ರಿಪ್ಟಿಗೆ ಪಾಸ್‌ಫ್ರೇಸ್ ಟೈಪ್ ಮಾಡಲು ಬೆರಳಿಲ್ಲ. ಜೆಲಿಯಲ್ಲಿ ಎರಡು ಕೀ ಸ್ಲಾಟ್‌ಗಳಿವೆ, 0 ಮತ್ತು 1. ಈಗ ಪಾಸ್‌ಫ್ರೇಸ್ ಕೂತದ್ದು 0ರಲ್ಲಿ. ಡೆವ್ ರ‍್ಯಾಂಡಮ್‌ನಿಂದ 64 ಬೈಟ್ ತೆಗೆದು ರೂಟ್ ಫೋಲ್ಡರಿನಲ್ಲಿ ಒಂದು ಕೀಫೈಲ್ ಮಾಡಿ, ಪರ್ಮಿಶನ್ 600 ಇಟ್ಟು, ಜೆಲಿ ಅಟ್ಯಾಚ್ ಮಾಡಿದ ಮೇಲೆ ಜೆಲಿ ಸೆಟ್‌ಕೀ -ಎನ್ 1 ಜೊತೆಗೆ ಕ್ಯಾಪಿಟಲ್ ಪಿ, ಕ್ಯಾಪಿಟಲ್ ಕೆ ಕೊಟ್ಟು ಆ ಫೈಲನ್ನು ಸ್ಲಾಟ್ 1ಕ್ಕೆ ಹಾಕಿ. ಸ್ಕ್ರಿಪ್ಟ್ ಕೀಫೈಲಿನಿಂದ ತೆರೆಯುತ್ತದೆ. ಸರ್ವರ್ ಸುಟ್ಟು ಕೀಫೈಲೂ ಹೋದ ದಿನ ನೀವು ಪಾಸ್‌ಫ್ರೇಸಿನಿಂದ ತೆರೆಯುತ್ತೀರಿ. ಕೀಫೈಲ್ ಒಂದನ್ನೇ ನಂಬಿದವರ ಬ್ಯಾಕಪ್ಪು, ಅದು ಬೇಕಾಗುವ ದಿನವೇ ಬೀಗ ಹಾಕಿಕೊಂಡು ಕೂರುತ್ತದೆ.

ಜೆಲಿಯ ಮಾಸ್ಟರ್ ಕೀ ಪಾರ್ಟಿಶನ್ನಿನ ಕೊನೆಯ ಸೆಕ್ಟರಿನಲ್ಲಿರುತ್ತದೆ. ಆ ಒಂದು ಸೆಕ್ಟರ್ ಕೆಟ್ಟರೆ 4 ಟಿಬಿಯೂ ಹೋದಂತೆ. ಇನಿಟ್ ಆಗುವಾಗಲೇ ಇದರ ಒಂದು ಪ್ರತಿ ವಾರ್ ಫೋಲ್ಡರಿನ ಬ್ಯಾಕಪ್ಸ್‌ನಲ್ಲಿ ಬಂದಿರುತ್ತದೆ, ಆದರೆ ಅದರಲ್ಲಿ ಆಮೇಲೆ ಸೇರಿಸಿದ ಸ್ಲಾಟ್ 1 ಇರುವುದಿಲ್ಲ. ಆದ್ದರಿಂದ ಸೆಟ್‌ಕೀ ಮುಗಿದ ಮೇಲೆ ಜೆಲಿ ಬ್ಯಾಕಪ್ ಕಮಾಂಡಿನಿಂದ ಹೊಸ ಪ್ರತಿ ತೆಗೆದು ಬೇರೊಂದು ಪೆನ್‌ಡ್ರೈವಿನಲ್ಲಿಡಿ. ಕೆಲವೇ ಕೆಬಿಯ ಫೈಲು.

ಜೆಲಿ ಲಿಸ್ಟ್ ಕೊಟ್ಟಾಗ ಕ್ರಿಪ್ಟೋ ಎಂಬಲ್ಲಿ ಆಕ್ಸಲರೇಟೆಡ್ ಸಾಫ್ಟ್‌ವೇರ್ ಎಂದಿದ್ದರೆ ಪ್ರೊಸೆಸರಿನ ಎಇಎಸ್ ಸೌಲಭ್ಯ ಬಳಕೆಯಾಗುತ್ತಿದೆ ಎಂದರ್ಥ. ಬರೀ ಸಾಫ್ಟ್‌ವೇರ್ ಎಂದಿದ್ದರೆ ಎಇಎಸ್‌ಎನ್‌ಐ ಮಾಡ್ಯೂಲ್ ಲೋಡ್ ಮಾಡಿ.

ಪೂಲ್ ಮಾಡುವ ಮುನ್ನ ಒಂದು ಕೆಲಸ: ಡಿಡಿ ಕಮಾಂಡಿನಿಂದ ಡೆವ್ ಝೀರೋವನ್ನು ನಕಲು1.ಇಎಲ್‌ಐ (ಜೆಲಿ ತೆರೆದ ಪಾರ್ಟಿಶನ್ನಿನ ಹೆಸರು) ಮೇಲೆ ಪೂರ್ತಿ ಬರೆಯಿರಿ, ಬ್ಲಾಕ್ ಗಾತ್ರ 1ಎಂ. 120 ಎಂಬಿ ವೇಗದಲ್ಲಿ ಒಂಬತ್ತು ಗಂಟೆಯ ಮೇಲಾಗುತ್ತದೆ. ಸೊನ್ನೆಗಳು ಜೆಲಿಯಿಂದ ಹಾದು ಎನ್‌ಕ್ರಿಪ್ಟ್ ಆಗಿ ಬೀಳುವುದರಿಂದ ಹಳೆಯ ಎಕ್ಸ್‌ಫ್ಯಾಟ್ ಡೇಟಾ ಅಳಿಯುತ್ತದೆ, ಡಿಸ್ಕಿನ ಪ್ರತಿ ಸೆಕ್ಟರ್ ಒಮ್ಮೆ ಬರೆಯಲ್ಪಡುತ್ತದೆ, ಜೊತೆಗೆ ಕೇಬಲ್ಲು, ಪವರು ಇಡೀ ರಾತ್ರಿ ತಡೆಯುತ್ತವೆಯೇ ಎಂಬುದೂ ಗೊತ್ತಾಗುತ್ತದೆ. ನಿಮ್ಮ ಡಿಸ್ಕ್ ಇಲ್ಲಿಯೇ ಕಳಚಿಕೊಂಡರೆ ಮುಂದೆ ಹೋಗಬೇಡಿ, ಮೇಲಿನ ಪವರ್ ಭಾಗಕ್ಕೆ ಹಿಂದಿರುಗಿ.

ಪೂಲ್ ಮತ್ತು ಅದರ ಗುಣಗಳು

ಝಡ್‌ಪೂಲ್ ಕ್ರಿಯೇಟ್ ಕಮಾಂಡಿಗೆ ನಕಲು1 ಎಂಬ ಹೆಸರು ಕೊಟ್ಟು, ಡಿಸ್ಕಿನ ಜಾಗದಲ್ಲಿ ಜಿಪಿಟಿ/ನಕಲು1.ಇಎಲ್‌ಐ ಕೊಡಿ. ಸಣ್ಣ -ಓ ಇಂದ ಎರಡು: ಆಶಿಫ್ಟ್=12 (4096 ಬೈಟಿನ ಸೆಕ್ಟರ್), ಫೇಲ್‌ಮೋಡ್=ಕಂಟಿನ್ಯೂ. ಕ್ಯಾಪಿಟಲ್ -ಓ ಇಂದ ನಾಲ್ಕು: ಕಂಪ್ರೆಶನ್=ಝಡ್‌ಎಸ್‌ಟಿಡಿ, ಎಟೈಮ್=ಆಫ್, ರೀಡ್‌ಓನ್ಲಿ=ಆನ್, ಮೌಂಟ್‌ಪಾಯಿಂಟ್=ನನ್ (ಎಲ್ಲಿಯೂ ಮೌಂಟ್ ಆಗದು).

ಫೇಲ್‌ಮೋಡ್ ಯಾಕೆ? ಡೀಫಾಲ್ಟ್ ಆಗಿ ಇದು ವೇಟ್. ಒಂದೇ ಡಿಸ್ಕಿನ ಪೂಲಿನಲ್ಲಿ ಆ ಡಿಸ್ಕು ಮಾಯವಾದರೆ ಝಡ್‌ಎಫ್‌ಎಸ್ ಅದು ಮರಳಿ ಬರಲೆಂದು ಕಾಯುತ್ತಾ ಎಲ್ಲ ಕೆಲಸವನ್ನೂ ತಡೆದು ನಿಲ್ಲಿಸುತ್ತದೆ. ಝಡ್‌ಪೂಲ್ ಸ್ಟೇಟಸ್ ಸಸ್ಪೆಂಡೆಡ್ ಎನ್ನುತ್ತದೆ, ಎಕ್ಸ್‌ಪೋರ್ಟ್ (ಪೂಲನ್ನು ಸರ್ವರಿನಿಂದ ಬಿಡಿಸುವ ಕಮಾಂಡ್) ಕೊಟ್ಟರೆ ಅದೂ ನೇತಾಡುತ್ತದೆ. ಮಿರರಿಗೆ ಇದು ಸರಿಯಾದ ನಡವಳಿಕೆ, ಕೇಬಲ್ಲಿನ ತುದಿಯಲ್ಲಿರುವ ಡಿಸ್ಕಿಗೆ ಅಲ್ಲ. ಕಂಟಿನ್ಯೂ ಇದ್ದರೆ ಹೊಸದಾಗಿ ಬರೆಯಲು ಹೋದ ಪ್ರೋಗ್ರಾಮಿಗೆ ಎರರ್ ಸಿಗುತ್ತದೆ, ಸ್ಕ್ರಿಪ್ಟಿಗೆ ವಿಫಲವಾದದ್ದು ತಿಳಿಯುತ್ತದೆ. ಸಂಪೂರ್ಣ ರಕ್ಷಣೆ ಎಂದೇನೂ ಅಲ್ಲ. ಮಾಯವಾದ ಡಿಸ್ಕನ್ನು ಮತ್ತೆ ಸಿಕ್ಕಿಸಿ, ಜೆಲಿ ಅಟ್ಯಾಚ್ ಮಾಡಿ, ಝಡ್‌ಪೂಲ್ ಕ್ಲಿಯರ್ ಕೊಟ್ಟರೆ ಹಲವು ಸಲ ಪೂಲ್ ಚೇತರಿಸಿಕೊಳ್ಳುತ್ತದೆ. ಕೆಲವು ಸಲ ರೀಬೂಟ್ ಬಿಟ್ಟು ದಾರಿಯಿಲ್ಲ.

ರೀಡ್‌ಓನ್ಲಿ ಇದ್ದರೂ ಝಡ್‌ಎಫ್‌ಎಸ್ ರಿಸೀವ್ (ಬ್ಯಾಕಪ್ಪನ್ನು ಡಿಸ್ಕಿಗೆ ತುಂಬುವ ಕಮಾಂಡ್) ಬರೆಯುತ್ತದೆ. ತಡೆಯುವುದು ಮೌಂಟ್ ಮಾಡಿದವರ ಕೈಯನ್ನು ಮಾತ್ರ. ಇದರ ಲಾಭ ಮುಂದೆ ಗೊತ್ತಾಗುತ್ತದೆ.

ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟಿನಲ್ಲಿ ಮೌಂಟ್ ಆಗಬೇಕಾದವುಗಳ ಪಟ್ಟಿ) ಏನೂ ಬರೆಯಬೇಡಿ, ಝಡ್‌ಎಫ್‌ಎಸ್‌ಗೆ ಅದು ಬೇಕಿಲ್ಲ. ಯುಎಫ್‌ಎಸ್ (ಫ್ರೀಬಿಎಸ್‌ಡಿಯ ಹಳೆಯ ಫೈಲ್‌ಸಿಸ್ಟಮ್) ಡಿಸ್ಕ್ ಆಗಿದ್ದರೆ ಅಲ್ಲಿ ನೋಆಟೋ ಇಲ್ಲದ ಸಾಲೊಂದೇ ತೊಂದರೆಗೆ ಸಾಕಿತ್ತು: ಡಿಸ್ಕ್ ಇಲ್ಲದೆ ಬೂಟ್ ಆದ ದಿನ ಸರ್ವರ್ ಸಿಂಗಲ್ ಯೂಸರ್ ಮೋಡಿಗೆ ಬಿದ್ದು ಕೂರುತ್ತದೆ.

ಮೊದಲ ಪೂರ್ಣ ಬ್ಯಾಕಪ್

ಝಡ್‌ಎಫ್‌ಎಸ್ ಸ್ನ್ಯಾಪ್‌ಶಾಟ್ -ಆರ್ ಝಡ್‌ರೂಟ್@ಎನ್1-20250601
ಝಡ್‌ಎಫ್‌ಎಸ್ ಹೋಲ್ಡ್ -ಆರ್ ನಕಲು1 ಝಡ್‌ರೂಟ್@ಎನ್1-20250601
ಝಡ್‌ಎಫ್‌ಎಸ್ ಸೆಂಡ್ -ಆರ್ ಝಡ್‌ರೂಟ್@ಎನ್1-20250601 | ಝಡ್‌ಎಫ್‌ಎಸ್ ರಿಸೀವ್ -ಎಸ್ -ಯು -ಎಕ್ಸ್ ಮೌಂಟ್‌ಪಾಯಿಂಟ್ -ಎಕ್ಸ್ ಕಂಪ್ರೆಶನ್ ನಕಲು1/ಝಡ್‌ರೂಟ್

ಮೊದಲೆರಡು ಸಾಲಿನ ಆರ್ ಸಣ್ಣದು, ಸೆಂಡ್‌ನ ಆರ್ ಕ್ಯಾಪಿಟಲ್. ಸ್ನ್ಯಾಪ್‌ಶಾಟ್ ಎಂದರೆ ಡೇಟಾದ ಆ ಕ್ಷಣದ ಹೆಪ್ಪುಗಟ್ಟಿದ ಚಿತ್ರ; ಹೋಲ್ಡ್ ಎಂದರೆ ಅದು ಅಳಿಯದಂತೆ ಹಾಕುವ ಹಿಡಿತ.

ಈ ಮೂರನೆಯ ಸಾಲಿನ ಒಂದೊಂದು ಅಕ್ಷರದ ಹಿಂದೆಯೂ ಒಂದೊಂದು ಅಪಘಾತ ಇದೆ. ಕ್ಯಾಪಿಟಲ್ ಆರ್ ಹಾಕಿ ಕಳಿಸಿದಾಗ ಡೇಟಾದ ಜೊತೆಗೆ ಡೇಟಾಸೆಟ್‌ಗಳ (ಪೂಲಿನೊಳಗಿನ ವಿಭಾಗಗಳ) ಗುಣಗಳೂ ಹೋಗುತ್ತವೆ, ಮೌಂಟ್‌ಪಾಯಿಂಟ್ ಸೇರಿ. ಇನ್‌ಸ್ಟಾಲರ್ ಮಾಡಿಕೊಟ್ಟ ಝಡ್‌ರೂಟ್‌ನಲ್ಲಿ ವಾರ್ ಲಾಗ್, ಟೆಂಪ್, ಹೋಮ್ ಎಲ್ಲಕ್ಕೂ ತಮ್ಮ ತಮ್ಮ ಜಾಗ ಗೊತ್ತು. ಅದೇ ಗುಣ ಹೊತ್ತ ನಕಲನ್ನು ಸುಮ್ಮನೆ ಇಂಪೋರ್ಟ್ ಮಾಡಿದರೆ, ಓಡುತ್ತಿರುವ ಹೋಮ್ ಫೋಲ್ಡರಿನ ಮೇಲೆ ಬ್ಯಾಕಪ್ಪಿನ ಹೋಮ್ ಬಂದು ಕೂರುತ್ತದೆ. ಯೂಸರುಗಳು ಇವತ್ತು ಬೆಳಗಿನ ಕೆಲಸ ಕಾಣುತ್ತಿಲ್ಲ ಎಂದು ಫೋನ್ ಮಾಡುವವರೆಗೂ ಯಾರಿಗೂ ತಿಳಿಯುವುದಿಲ್ಲ. -ಎಕ್ಸ್ ಮೌಂಟ್‌ಪಾಯಿಂಟ್ ಆ ಗುಣವನ್ನು ಹೊರಗಿಡುತ್ತದೆ, ಮೇಲಿನ ನನ್ ಎಂಬುದೇ ಕೆಳಗಿಳಿಯುತ್ತದೆ. -ಯು ಬಂದ ಕೂಡಲೇ ಮೌಂಟ್ ಮಾಡದಂತೆ ತಡೆಯುತ್ತದೆ. ಕಂಪ್ರೆಶನ್ ಹೊರಗಿಡದಿದ್ದರೆ ಸರ್ವರಿನ ಎಲ್‌ಝಡ್4 ಇಲ್ಲಿಗೂ ಬಂದು ನೀವು ಇಟ್ಟ ಝಡ್‌ಎಸ್‌ಟಿಡಿ ಹೆಸರಿಗಷ್ಟೇ ಉಳಿಯುತ್ತದೆ. -ಎಸ್ ಇದ್ದರೆ ನಡುವೆ ಕಡಿದ ಬ್ಯಾಕಪ್ ಒಂದು ರೆಸ್ಯೂಮ್ ಟೋಕನ್ ಬಿಟ್ಟಿರುತ್ತದೆ. ಝಡ್‌ಎಫ್‌ಎಸ್ ಗೆಟ್ ಮಾಡಿ ಅದನ್ನು ತೆಗೆದು ಸೆಂಡ್ -ಟಿಗೆ ಕೊಟ್ಟರೆ ಆ ಡೇಟಾಸೆಟ್ ನಿಂತಲ್ಲಿಂದ ಮುಂದುವರಿಯುತ್ತದೆ.

ಮೌಂಟ್‌ಪಾಯಿಂಟ್ ಬಿಟ್ಟಿದ್ದರಿಂದ ಅದನ್ನು ಬೇರೆಡೆ ಬರೆದಿಡಬೇಕು. ಝಡ್‌ಎಫ್‌ಎಸ್ ಗೆಟ್ -ಆರ್ ಮೌಂಟ್‌ಪಾಯಿಂಟ್,ಕ್ಯಾನ್‌ಮೌಂಟ್ ಝಡ್‌ರೂಟ್ ಎಂಬುದರ ಫಲಿತಾಂಶ, ಜೊತೆಗೆ ಒಳಗಿನ ಡಿಸ್ಕಿನ ಜಿಪಾರ್ಟ್ ಬ್ಯಾಕಪ್ ಫಲಿತಾಂಶ, ಎರಡನ್ನೂ ಜೆಲಿಯ ಪ್ರತಿ ಇಟ್ಟ ಪೆನ್‌ಡ್ರೈವಿಗೆ ಹಾಕಿ.

ಇಲ್ಲಿ ಇಲ್ಲದಿರುವ ಅಕ್ಷರವೂ ಮುಖ್ಯ: ರಿಸೀವ್‌ಗೆ ಕ್ಯಾಪಿಟಲ್ ಎಫ್. ಬಹಳಷ್ಟು ಸಿದ್ಧ ಸ್ಕ್ರಿಪ್ಟುಗಳಲ್ಲಿ ಇದು ಇರುತ್ತದೆ. ಸೆಂಡ್‌ನ ಕ್ಯಾಪಿಟಲ್ ಆರ್ ಜೊತೆ ಇದು ಸೇರಿದರೆ, ಸರ್ವರಿನಲ್ಲಿ ಈಗ ಇಲ್ಲದ ಸ್ನ್ಯಾಪ್‌ಶಾಟ್ ಹಾಗೂ ಡೇಟಾಸೆಟ್‌ಗಳನ್ನು ಬ್ಯಾಕಪ್ಪಿನಿಂದಲೂ ಅಳಿಸುತ್ತದೆ. ಯಾರೋ ಸರ್ವರಿನಲ್ಲಿ ಲೆಕ್ಕಪತ್ರದ ಡೇಟಾಸೆಟ್ ಡೆಸ್ಟ್ರಾಯ್ ಮಾಡಿದರೆ ಆ ರಾತ್ರಿಯೇ ಬ್ಯಾಕಪ್ಪು ಕೂಡ ಶಿಸ್ತಾಗಿ ಅದನ್ನು ಅಳಿಸಿಬಿಡುತ್ತದೆ. ಜನ ಎಫ್ ಸೇರಿಸುವುದು ಡೆಸ್ಟಿನೇಶನ್ ಹ್ಯಾಸ್ ಬೀನ್ ಮಾಡಿಫೈಡ್ ಎಂಬ ಎರರ್ ತಪ್ಪಿಸಲು. ಬ್ಯಾಕಪ್ ಕಡೆ ರೀಡ್‌ಓನ್ಲಿ ಇದ್ದರೆ ಮಾಡಿಫೈ ಆಗುವುದೇ ಇಲ್ಲ, ಆ ಎರರ್ ಬರುವುದೂ ಇಲ್ಲ.

ನಿಮ್ಮ ಸರ್ವರಿನಲ್ಲಿ ಝಡ್‌ಎಫ್‌ಎಸ್‌ನ ಸ್ವಂತ ಎನ್‌ಕ್ರಿಪ್ಶನ್ ಬಳಸಿದ್ದರೆ ದಾರಿ ಬೇರೆ: ಸೆಂಡ್‌ಗೆ -ಡಬ್ಲ್ಯೂ ಹಾಕಿ ಕಚ್ಚಾ ರೂಪದಲ್ಲೇ ಕಳಿಸಬೇಕು. ಆಗ ಕಂಪ್ರೆಶನ್ ಬದಲಿಸಲಾಗದು, ಜೆಲಿಯೂ ಅಗತ್ಯವಿಲ್ಲ.

ಪೋಸ್ಟ್‌ಗ್ರೆಸ್ ವಿಚಾರ: -ಆರ್ ಹಾಕಿದ ಸ್ನ್ಯಾಪ್‌ಶಾಟ್ ಇಡೀ ಪೂಲಿಗೆ ಒಂದೇ ಕ್ಷಣದ್ದು. ಡೇಟಾ ಫೋಲ್ಡರೂ ವಾಲ್ (ಬದಲಾವಣೆಗಳನ್ನು ಮೊದಲು ಬರೆದಿಡುವ ಲಾಗ್) ಫೋಲ್ಡರೂ ಝಡ್‌ರೂಟ್‌ನೊಳಗೇ ಇದ್ದರೆ, ಮರಳಿ ತಂದಾಗ ಡೇಟಾಬೇಸು ಕರೆಂಟು ಹೋಗಿ ಎದ್ದಂತೆ ವಾಲ್ ಓದಿಕೊಂಡು ಎದ್ದೇಳುತ್ತದೆ. ಇವೆರಡರಲ್ಲಿ ಒಂದು ಬೇರೆ ಪೂಲಿನಲ್ಲಿದ್ದರೆ ಈ ಭರವಸೆ ಇಲ್ಲ. ಹೇಗಿದ್ದರೂ ಸ್ನ್ಯಾಪ್‌ಶಾಟಿಗೆ ಮುಂಚೆ ಪಿಜಿ‌ಡಂಪ್ ಒಂದನ್ನು ತೆಗೆದಿಡಿ. ಒಂದೇ ಟೇಬಲ್ ಮರಳಿ ಬೇಕಾದಾಗ ಇಡೀ ಪೂಲ್ ಎಳೆಯಬೇಕಾಗುವುದಿಲ್ಲ, ಮುಂದಿನ ಪೋಸ್ಟ್‌ಗ್ರೆಸ್ ಆವೃತ್ತಿಯಲ್ಲೂ ಅದು ಓದಲಾಗುತ್ತದೆ.

ಪ್ರತಿ ಸಲದ ಬ್ಯಾಕಪ್

ಎರಡನೆಯ ಸಲದಿಂದ ಬದಲಾದದ್ದಷ್ಟೇ ಹೋಗುತ್ತದೆ: ಸೆಂಡ್‌ಗೆ ಕ್ಯಾಪಿಟಲ್ ಆರ್ ಜೊತೆ ಕ್ಯಾಪಿಟಲ್ ಐ, ಅದರ ಮುಂದೆ ಹಳೆಯ ಸ್ನ್ಯಾಪ್‌ಶಾಟ್, ಆಮೇಲೆ ಹೊಸದು. ಕ್ಯಾಪಿಟಲ್ ಐ ನಡುವಿನ ಸ್ನ್ಯಾಪ್‌ಶಾಟ್‌ಗಳನ್ನೂ ಒಯ್ಯುತ್ತದೆ. ಸಣ್ಣ ಐ ಕೊನೆಯದನ್ನು ಮಾತ್ರ. ರಿಸೀವ್ ಸಾಲು ಹಾಗೆಯೇ.

ಇದು ನಡೆಯಬೇಕಾದರೆ ಎರಡೂ ಕಡೆ ಸಮಾನವಾದ ಒಂದು ಸ್ನ್ಯಾಪ್‌ಶಾಟ್ ಉಳಿದಿರಲೇಬೇಕು. ಡಿಸ್ಕು ಮೂರು ವಾರ ಬೀರುವಿನಲ್ಲಿತ್ತು, ಅಷ್ಟರಲ್ಲಿ ಸರ್ವರಿನ ಆಟೋ ಸ್ನ್ಯಾಪ್‌ಶಾಟ್ ಸ್ಕ್ರಿಪ್ಟು ಹಳತನ್ನೆಲ್ಲ ಗುಡಿಸಿಹಾಕಿತು ಎಂದರೆ ಮತ್ತೆ 1.8 ಟಿಬಿ ಮೊದಲಿಂದ. ಮೇಲೆ ಹೋಲ್ಡ್ ಹಾಕಿದ್ದು ಇದಕ್ಕೇ. ಹೋಲ್ಡ್ ಇರುವ ಸ್ನ್ಯಾಪ್‌ಶಾಟ್ ಅಳಿಸಹೋದರೆ ಡೇಟಾಸೆಟ್ ಈಸ್ ಬ್ಯುಸಿ ಎಂಬ ಉತ್ತರ ಬರುತ್ತದೆ. ಎರಡು ಡಿಸ್ಕುಗಳಿದ್ದರೆ ಪ್ರತಿಯೊಂದಕ್ಕೂ ಅದರದೇ ಕೊನೆಯ ಸ್ನ್ಯಾಪ್‌ಶಾಟ್, ಅದರದೇ ಹೆಸರಿನ ಹೋಲ್ಡ್. ಹಾಗಾಗಿಯೇ ಹೆಸರಿನಲ್ಲಿ ಎನ್1, ಎನ್2 ಎಂಬ ಗುರುತು.

ಸ್ಕ್ರಿಪ್ಟಿನ ಕ್ರಮ ಹೀಗಿರಲಿ. ಲಾಕ್‌ಎಫ್ -ಟಿ 0 ಮೂಲಕ ಎರಡು ಪ್ರತಿ ಒಟ್ಟಿಗೆ ಓಡದಂತೆ ತಡೆ. ಜೆಲಿ ಅಟ್ಯಾಚ್ -ಪಿ -ಕೆ ಕೀಫೈಲ್ (ಎರಡೂ ಸಣ್ಣಕ್ಷರ). ಝಡ್‌ಪೂಲ್ ಇಂಪೋರ್ಟ್‌ಗೆ ಕ್ಯಾಪಿಟಲ್ ಎನ್ ಮತ್ತು ಕ್ಯಾಪಿಟಲ್ ಆರ್ ಜೊತೆ ಮೌಂಟ್ ಫೋಲ್ಡರು. ಎನ್ ಏನನ್ನೂ ಮೌಂಟ್ ಮಾಡುವುದಿಲ್ಲ. ಆರ್ ಪರ್ಯಾಯ ರೂಟ್ ಕೊಡುವುದರ ಜೊತೆಗೆ ಕ್ಯಾಶ್‌ಫೈಲನ್ನು ನನ್ ಮಾಡುತ್ತದೆ, ಹೀಗಾಗಿ ಮುಂದಿನ ಬೂಟಿನಲ್ಲಿ ಸರ್ವರ್ ಈ ಪೂಲನ್ನು ಹುಡುಕುವುದಿಲ್ಲ. ಕ್ಯಾಶ್‌ಫೈಲ್ ಗುಣ ಪೂಲಿನಲ್ಲಿ ಉಳಿಯುವುದಿಲ್ಲ, ಪ್ರತಿ ಇಂಪೋರ್ಟಿನಲ್ಲೂ ಹೇಳಬೇಕು. ಆಮೇಲೆ ನಕಲು1/ಝಡ್‌ರೂಟ್‌ನ ಇತ್ತೀಚಿನ ಸ್ನ್ಯಾಪ್‌ಶಾಟ್ ಯಾವುದೆಂದು ಡಿಸ್ಕನ್ನೇ ಕೇಳಿ: ಝಡ್‌ಎಫ್‌ಎಸ್ ಲಿಸ್ಟ್ ಅನ್ನು ಕ್ರಿಯೇಶನ್ ಪ್ರಕಾರ ಸಾರ್ಟ್ ಮಾಡಿ ಟೇಲ್ -1. ಬೇರೆ ಫೈಲಿನಲ್ಲಿ ಬರೆದಿಟ್ಟ ಹೆಸರು ಒಂದಲ್ಲ ಒಂದು ದಿನ ಸುಳ್ಳಾಗುತ್ತದೆ. ಹೊಸ ಸ್ನ್ಯಾಪ್‌ಶಾಟ್, ಹೋಲ್ಡ್, ಸೆಂಡ್, ರಿಸೀವ್. ಸ್ಕ್ರಿಪ್ಟಿನ ತಲೆಯಲ್ಲಿ ಸೆಟ್ -ಓ ಪೈಪ್‌ಫೇಲ್ ಇರಲಿ, ಇಲ್ಲದಿದ್ದರೆ ಪೈಪಿನ ಎಡಗಡೆ ಬಿದ್ದದ್ದು ಲೆಕ್ಕಕ್ಕೇ ಬರುವುದಿಲ್ಲ. ಎಲ್ಲವೂ ಸರಿಯಾಗಿದ್ದರೆ ಮಾತ್ರ ಹಳೆಯ ಹೋಲ್ಡ್ ರಿಲೀಸ್. ವಿಫಲವಾದರೂ ಯಶಸ್ವಿಯಾದರೂ ಝಡ್‌ಪೂಲ್ ಎಕ್ಸ್‌ಪೋರ್ಟ್, ಜೆಲಿ ಡಿಟ್ಯಾಚ್, ಆಮೇಲೆ ಕ್ಯಾಮ್‌ಕಂಟ್ರೋಲ್ ಸ್ಟಾಪ್ ಡಿಎ0 (ಇಲ್ಲಿ ಮಾತ್ರ ಲೇಬಲ್ ಅಲ್ಲ, ಆ ದಿನದ ಡಿಎ ಹೆಸರು). ಈ ಕೊನೆಯದು ತಟ್ಟೆಗಳನ್ನು ನಿಲ್ಲಿಸುತ್ತದೆ, ಕೈಯಿಂದ ಮುಟ್ಟಿದರೆ ಗೊತ್ತಾಗುತ್ತದೆ. ಕೇಬಲ್ ಕೀಳುವುದು ಆಮೇಲೆ. ಮುಗಿದ ಮೇಲೆ ಒಂದು ಮೇಲ್, ಅದರಲ್ಲಿ ಎಷ್ಟು ಜಾಗ ಉಳಿಯಿತೆಂಬುದೂ ಇರಲಿ; ಪೂಲ್ ಶೇಕಡ 85 ದಾಟಿದರೆ ಹಳೆಯದನ್ನು ತೆಗೆಯುವ ಸಮಯ. ತೆಗೆಯುವಾಗ ಮೊದಲು ಡೆಸ್ಟ್ರಾಯ್ -ಎನ್‌ವಿ ಕೊಟ್ಟು ಏನು ಹೋಗುತ್ತದೆಂದು ಓದಿ, ತೀರಾ ಇತ್ತೀಚಿನದನ್ನು ಮಾತ್ರ ಮುಟ್ಟಬೇಡಿ.

ಡಿಸ್ಕ್ ಸಿಕ್ಕಿಸಿದ ಕೂಡಲೇ ತಾನಾಗಿ ಶುರುವಾಗಬೇಕೆಂದರೆ ಡೆವ್‌ಡಿ (ಸಾಧನಗಳು ಬಂದುಹೋಗುವುದನ್ನು ಗಮನಿಸುವ ಪ್ರೋಗ್ರಾಮ್) ಇದೆ. ಯೂಸರ್ ಲೋಕಲ್ ಇಟಿಸಿಯ ಡೆವ್‌ಡಿ ಫೋಲ್ಡರಿನಲ್ಲಿ ಒಂದು ನೋಟಿಫೈ ನಿಯಮ: ಸಿಸ್ಟಮ್ ಡೆವ್‌ಎಫ್‌ಎಸ್, ಸಬ್‌ಸಿಸ್ಟಮ್ ಸಿಡೆವ್, ಟೈಪ್ ಕ್ರಿಯೇಟ್ (ಈ ಮೂರರ ಮೌಲ್ಯಗಳೂ ಕ್ಯಾಪಿಟಲ್), ಸಿಡೆವ್ ಹೆಸರು ಜಿಪಿಟಿ/ನಕಲು1. ಆಕ್ಷನ್ ಜಾಗದಲ್ಲಿ ಸ್ಕ್ರಿಪ್ಟನ್ನು ನೇರ ಕರೆಯದೆ ಡೀಮನ್ -ಎಫ್ ಮೂಲಕ ಕರೆಯಿರಿ. ಡೆವ್‌ಡಿ ಒಂದು ಆಕ್ಷನ್ ಮುಗಿಯುವವರೆಗೂ ಮುಂದಿನ ಘಟನೆ ನೋಡುವುದಿಲ್ಲ. ನಾಲ್ಕು ಗಂಟೆಯ ಬ್ಯಾಕಪ್ಪನ್ನು ಅದರ ಹೆಗಲ ಮೇಲೆ ಹೊರಿಸಿದರೆ ಅಷ್ಟೂ ಹೊತ್ತು ನೆಟ್‌ವರ್ಕ್ ಕೇಬಲ್ ಹೋಗಿಬಂದದ್ದೂ ಅದಕ್ಕೆ ತಿಳಿಯದು.

ಪರೀಕ್ಷೆ

ತಿಂಗಳಿಗೊಮ್ಮೆ ಡಿಸ್ಕ್ ಸಿಕ್ಕಿಸಿದಾಗ ಝಡ್‌ಪೂಲ್ ಸ್ಕ್ರಬ್ (ಎಲ್ಲ ಡೇಟಾವನ್ನೂ ಓದಿ ಚೆಕ್‌ಸಮ್ ಪರೀಕ್ಷಿಸುವುದು) ಮಾಡಿ, ಮುಗಿದ ಮೇಲೆ ಸ್ಟೇಟಸ್ -ವಿ ಓದಿ. ಒಂದೇ ಡಿಸ್ಕಿನ ಪೂಲು ಕೆಟ್ಟ ಫೈಲನ್ನು ಹೆಸರು ಹಿಡಿದು ತೋರಿಸಬಲ್ಲದು, ಸರಿಮಾಡಲಾರದು. ಮೆಟಾಡೇಟಾಗೆ ಮಾತ್ರ ಎರಡನೆಯ ಪ್ರತಿ ಇರುತ್ತದೆ. ಚೆಕ್‌ಸಮ್ ಎರರ್ ಬೇರೆ ಬೇರೆ ಫೈಲುಗಳಲ್ಲಿ ಪ್ರತಿ ಸಲವೂ ಹೊಸದಾಗಿ ಕಂಡರೆ ಡಿಸ್ಕಿಗಿಂತ ಮೊದಲು ಕೇಬಲನ್ನು ಅನುಮಾನಿಸಿ.

ಒಂದು ಫೈಲ್ ಮರಳಿ ಪಡೆಯಲು ಇಡೀ ಪೂಲ್ ಮೌಂಟ್ ಮಾಡಬೇಕಿಲ್ಲ. ಮೌಂಟ್ -ಟಿ ಝಡ್‌ಎಫ್‌ಎಸ್ ನಕಲು1/ಝಡ್‌ರೂಟ್/ಹೋಮ್@ಎನ್1-20250601 ಎಂದು ಒಂದು ಖಾಲಿ ಫೋಲ್ಡರಿಗೆ ಕೊಟ್ಟರೆ ಆ ದಿನದ ಹೋಮ್ ಹಾಗೆಯೇ ತೆರೆದುಕೊಳ್ಳುತ್ತದೆ, ಓನರು, ಪರ್ಮಿಶನ್ ಸಮೇತ. ಎಕ್ಸ್‌ಪೋರ್ಟಿಗೆ ಮುಂಚೆ ಅನ್‌ಮೌಂಟ್ ಮರೆಯಬೇಡಿ. ಪೂಲ್ ಬ್ಯುಸಿ ಎಂದರೆ ಬಹುತೇಕ ಯಾವುದೋ ಶೆಲ್ ಆ ಫೋಲ್ಡರಿನಲ್ಲೇ ನಿಂತಿದೆ.

ಇಡೀ ಸರ್ವರ್ ಹೋದಾಗಿನ ಕೆಲಸವನ್ನು ಹಳೆಯ ಪಿಸಿಯೊಂದರಲ್ಲಿ ಒಮ್ಮೆ ಮಾಡಿ ನೋಡಿ. ಇನ್‌ಸ್ಟಾಲರ್ ಇಮೇಜಿನಿಂದ ಬೂಟ್ ಮಾಡಿ ಶೆಲ್ ತೆಗೆದು, ಜಿಪಾರ್ಟ್‌ನಿಂದ ಇಎಫ್‌ಐ, ಸ್ವಾಪ್, ಝಡ್‌ಎಫ್‌ಎಸ್ ಪಾರ್ಟಿಶನ್ ಮಾಡಿ. ಬೂಟ್ ಆಗಲು ಬೇಕಾದ ಇಎಫ್‌ಐ ಪಾರ್ಟಿಶನ್ನು ಝಡ್‌ಎಫ್‌ಎಸ್‌ನ ಹೊರಗಿರುವುದರಿಂದ ಬ್ಯಾಕಪ್ಪಿನಲ್ಲಿ ಬಂದಿರುವುದಿಲ್ಲ. ಅದನ್ನು ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿ ಬೂಟ್ ಫೋಲ್ಡರಿನ ಲೋಡರ್.ಇಎಫ್‌ಐ ಅನ್ನು ಇಎಫ್‌ಐ/ಬೂಟ್ ಒಳಗೆ ಬೂಟ್‌ಎಕ್ಸ್64.ಇಎಫ್‌ಐ ಎಂಬ ಹೆಸರಿನಲ್ಲಿ ಕಾಪಿ ಮಾಡಬೇಕು. ಜೆಲಿಯನ್ನು ಈ ಸಲ ಪಾಸ್‌ಫ್ರೇಸಿನಿಂದ ತೆರೆಯಿರಿ. ಹೊಸ ಝಡ್‌ರೂಟ್ ಪೂಲ್ ಮಾಡಿ, ನಕಲಿನಿಂದ ಅದಕ್ಕೆ ಸೆಂಡ್ -ಆರ್ (ಕ್ಯಾಪಿಟಲ್) ಮಾಡಿ. ಪೂಲಿನ ಮೂಲ ಡೇಟಾಸೆಟ್ ಆಗಲೇ ಇರುವುದರಿಂದ ಇಲ್ಲಿ ರಿಸೀವ್‌ಗೆ ಕ್ಯಾಪಿಟಲ್ ಎಫ್ ಬೇಕು, ಬ್ಯಾಕಪ್ ದಿಕ್ಕಿನಲ್ಲಿ ಬೇಡವೆಂದದ್ದು ಮರುಸ್ಥಾಪನೆಯ ದಿಕ್ಕಿನಲ್ಲಿ ಸರಿ. -ಯು ಇಲ್ಲೂ ಇರಲಿ. ಪೆನ್‌ಡ್ರೈವಿನ ಪಟ್ಟಿ ನೋಡಿ ಮೌಂಟ್‌ಪಾಯಿಂಟ್, ಕ್ಯಾನ್‌ಮೌಂಟ್ ಎರಡನ್ನೂ ಸರಿಮಾಡಿ, ನಂತರ ಝಡ್‌ಪೂಲ್ ಸೆಟ್ ಬೂಟ್‌ಎಫ್‌ಎಸ್=ಝಡ್‌ರೂಟ್/ರೂಟ್/ಡೀಫಾಲ್ಟ್ ಝಡ್‌ರೂಟ್ (ನಡುವಿನ ರೂಟ್ ಪೂರ್ತಿ ಕ್ಯಾಪಿಟಲ್). ಇದೊಂದು ಬಿಟ್ಟರೆ ಲೋಡರ್ ಬರುತ್ತದೆ, ಕರ್ನಲ್ ಸಿಗುವುದಿಲ್ಲ. ಬೂಟ್ ಆದ ಮೇಲೆ ಎಫ್‌ಎಸ್‌ಟ್ಯಾಬ್‌ನಲ್ಲಿರುವ ಸ್ವಾಪ್ ಮತ್ತು ಇಎಫ್‌ಐ ಸಾಲುಗಳಲ್ಲಿ ಹಳೆಯ ಡಿಸ್ಕಿನ ಹೆಸರು ಉಳಿದಿರುತ್ತದೆ, ಅದನ್ನೂ ಬದಲಿಸಿ.